ನಾನೇ ತೆಗೆದೆ ಎಂದವನಿಗೆ

ಹಾಸನೂರು ಪಕ್ಕದ ಕಾಡಂಚಿನ ನಮ್ಮ ಪೋಡು,
ತಾಳವಾಡಿ ತಾಲೂಕು
13-11-2025, ಗುರುವಾರ ಬೆಳಿಗ್ಗೆ

ಪ್ರೀತಿಯ ಗಣೇಶನಿಗೆ, ದಿನವೂ ನಿನ್ನ ಹೆಸರು ಹಿಡಿದು ಬೈದುಕೊಂಡೇ ಒಲೆ ಹಚ್ಚುವ ನಿನ್ನ ಹೆಂಡತಿ ಮಂಗಳ ಬರೆಯುವ ಕಾಗದ.

ಹೇಗಿದ್ದೀಯ? ಅಲ್ಲಿ ಹೊಟ್ಟೆಗೆ ಏನು ಕೊಡುತ್ತಾರೆ? ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಬ್ರೆಡ್ಡು ಎಂದು ಕೇಳಿದೆ. ಜ್ವರ ಬಂದಾಗ ಒಂದು ತುಂಡು ಬ್ರೆಡ್ಡು ತಿನ್ನಿಸಲು ನಾನು ನಿನ್ನ ಗಡ್ಡ ಹಿಡಿದು ಬೇಡಬೇಕಿತ್ತು. ಈಗ ಪೊಲೀಸರು ಕೊಟ್ಟರೆ ಸುಮ್ಮನೆ ತಿನ್ನುತ್ತೀಯ, ಅಲ್ಲವಾ? ತಿನ್ನು, ಹಟ ಮಾಡಬೇಡ. ಅಂಗೈಯಲ್ಲಿ ಬೋಟಿನ ದಾರ ಕೊಯ್ದ ಗಾಯ ಒಣಗಿತಾ? ಮಲಗುವ ಜಾಗಕ್ಕೆ ಕಿಟಕಿ ಇದೆಯಾ? ನೀನು ಮದುವೆಯಾದ ಹೊಸದರಲ್ಲೇ ಗೋಡೆಯೊಳಗೆ ಉಸಿರು ಕಟ್ಟುತ್ತದೆ ಎಂದು ಚಾಪೆ ಎಳೆದುಕೊಂಡು ಜಗಲಿಗೆ ಹೋದವನು. ಆಗ ನನಗೆ ಬಂದ ಸಿಟ್ಟು ನನಗೇ ಗೊತ್ತು. ಈಗ ನೀನು ಬೀಗ ಹಾಕಿದ ಕೋಣೆಯಲ್ಲಿದ್ದೀಯ ಎಂದುಕೊಂಡರೆ ನನಗೂ ಒಳಗೆ ಮಲಗಲು ಆಗುವುದಿಲ್ಲ. ಜಗಲಿಯಲ್ಲಿ ಮಲಗೋಣವೆಂದರೆ ಆನೆಯ ಭಯ. ಬಾಗಿಲ ಹೊಸ್ತಿಲಿಗೆ ತಲೆಯಿಟ್ಟು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಮಲಗುತ್ತಿದ್ದೇನೆ.

ನಿನ್ನ ಅವ್ವನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ರಾಗಿ ತೆನೆ ಬಲಿತಿದೆ. ನನ್ನ ಅಣ್ಣ ಚಿಕ್ಕಬೊಮ್ಮ ಅಟ್ಟಣೆ ಕಟ್ಟಿ ಕಾಯುತ್ತಿದ್ದಾನೆ. ಅವರೆ ಹೂ ಬಿಟ್ಟಿದೆ. ಕರಿ ಮೇಕೆ ಈದಿದೆ. ಮರಿಗೆ ಹೆಸರಿಡುವುದನ್ನು ನಿನಗಾಗಿ ಬಿಟ್ಟಿದ್ದೇವೆ, ಅಲ್ಲಿಯವರೆಗೆ ಅದನ್ನು ‘ಏಯ್’ ಎನ್ನುತ್ತೇವೆ, ಬರುತ್ತದೆ.

ಈಗ ಮನೆಯಲ್ಲಿ ಯಾರಿದ್ದಾರೆ ಹೇಳುತ್ತೇನೆ, ಬೆಚ್ಚಬೇಡ. ನಿಮ್ಮ ಬೋಟಿನ ಯಜಮಾನ, ನೀವೆಲ್ಲ ಮೊದಲಾಳಿ ಅನ್ನುವವನ ಕಡೆಯ ಮನುಷ್ಯ ಮಣಿಕಂಠ ನಿನ್ನೆ ಜೀಪು ಮಾಡಿಕೊಂಡು ಬಂದ. ಜೊತೆಗೆ ನಿಮ್ಮ ಬೋಟಿನ ಡ್ರೈವರನ ಹೆಂಡತಿ ಸಗಾಯಮೇರಿ. ಬೋಟು ನಡೆಸುವವನನ್ನೂ ಡ್ರೈವರ್ ಎಂದೇ ಕರೆಯುತ್ತಾರೆಂದು ನೀನು ಹೇಳಿದ್ದಾಗ ನಾನು ನಕ್ಕಿದ್ದೆ, ನೆನಪಿದೆಯಾ? ಒಂದು ಮೂಟೆ ಅಕ್ಕಿ, ಒಂದು ಡಬ್ಬಿ ಒಣಮೀನು, ಅತ್ತೆಗೆ ಒಂದು ಸೀರೆ ತಂದರು. ಮಾತು ಮುಗಿಯುವಷ್ಟರಲ್ಲಿ ರಾತ್ರಿಯಾಗಿ, ಕಾಡುಪ್ರಾಣಿ ಓಡಾಡುವ ಹೊತ್ತೆಂದು ದಿಂಬಂ ಘಾಟಿಯಲ್ಲಿ ಗಾಡಿ ಬಿಡುವುದನ್ನು ನಿಲ್ಲಿಸಿಬಿಟ್ಟರು. ಹಾಗಾಗಿ ಇಬ್ಬರೂ ಇಲ್ಲೇ ಉಳಿದರು. ಬೆಳಿಗ್ಗೆ ಎದ್ದರೆ ಆನೆಯೊಂದು ಮರಿ ಕಟ್ಟಿಕೊಂಡು ಜೀಪಿಗೂ ನಮ್ಮ ಬಾಗಿಲಿಗೂ ನಡುವೆ ನಿಂತಿದೆ. ರಾಗಿ ಹೊಲದ ರುಚಿ ಕಂಡು ಕದಲುತ್ತಲೇ ಇಲ್ಲ. ನಿನ್ನೆಯೆಲ್ಲ ಸಮುದ್ರದ ಬಿರುಗಾಳಿಯ ಕಥೆ ಹೇಳಿ ಎದೆ ಉಬ್ಬಿಸಿದ್ದ ಮಣಿಕಂಠ ಈಗ ಹೊರಕಡೆಗೆ ಹೋಗಲೂ ಧೈರ್ಯವಿಲ್ಲದೆ ತೊಡೆ ಬಿಗಿಹಿಡಿದು ಕೂತಿದ್ದಾನೆ. ನಮ್ಮ ಒಂದಂಕಣದ ಮನೆಯಲ್ಲಿ ನಾನು, ಅತ್ತೆ, ಅವರಿಬ್ಬರು, ಮೇಕೆ, ಮೇಕೆ ಮರಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದೇವೆ, ಎಲ್ಲರೂ ನನ್ನ ಪೆನ್ನನ್ನೂ ನೋಡುತ್ತಿದ್ದಾರೆ.

ಯಾಕೆಂದರೆ ಈ ಕಾಗದಕ್ಕಾಗಿಯೇ ಅವರು ಬಂದಿರುವುದು. ಮುಂದಿನ ವಾರ ಮೊದಲಾಳಿಯ ವಕೀಲರು ವಿಮಾನದಲ್ಲಿ ನಿಮ್ಮನ್ನು ಹಿಡಿದಿಟ್ಟಿರುವ ದ್ವೀಪಕ್ಕೆ ಬರುತ್ತಾರಂತೆ. ಆ ದೇಶದ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ, ಬಿಡು. ಎಲ್ಲರ ಮನೆಯ ಕಾಗದವನ್ನೂ ಅವರೇ ತರುತ್ತಾರೆ. ನಾನು ತಮಿಳಿನಲ್ಲಿ ಬರೆಯಲಿ ಎಂದು ಮಣಿಕಂಠನ ಆಸೆ. ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ, ನಾನು ತಾಳವಾಡಿ ಹಾಸ್ಟೆಲಿನಲ್ಲಿ ಓದಿದ್ದು ಕನ್ನಡ ಎಂದೆ. ಆನೆ ಹೋದ ಮೇಲೆ ಎಲ್ಲರೂ ತಾಳವಾಡಿಗೆ ಹೋಗಿ, ನನಗೆ ಪಾಠ ಹೇಳಿದ್ದ ಶಿವಶಂಕರಪ್ಪ ಮೇಷ್ಟ್ರ ಜೆರಾಕ್ಸ್ ಅಂಗಡಿಯಲ್ಲಿ ಇದನ್ನು ಅವನಿಗೆ ತಮಿಳಿನಲ್ಲಿ ಓದಿ ಹೇಳಿಸಬೇಕು ಎಂದು ಒಪ್ಪಂದವಾಗಿದೆ. ಆದ್ದರಿಂದ ಮೇಷ್ಟ್ರಿಗೂ ಇಲ್ಲೇ ನಮಸ್ಕಾರ. ಮೇಷ್ಟ್ರೇ, ಒತ್ತಕ್ಷರ ತಪ್ಪಿದ್ದರೆ ಈಗ ತಿದ್ದಲು ಕೂರಬೇಡಿ. ಮಣಿಕಂಠ ತೊಡೆ ಬಿಗಿಹಿಡಿದ ಮಾತನ್ನು ಬೇಕಾದರೆ ಬಿಟ್ಟು ಓದಿ.

ಇನ್ನು ವಿಷಯಕ್ಕೆ ಬರುತ್ತೇನೆ. ಆವತ್ತು ನಿಮಗೆ ಒಂದು ಸಲ ಫೋನು ಕೊಟ್ಟರಲ್ಲ, ಆಗ ನೀನು ಅಳುತ್ತಾ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಕೂತಿದೆ. “ಅದ್ರ ವಟ್ಟೇಲಿ ಮರಿ ಇತ್ತು ಕಣೆ ಮಂಗ್ಳಾ, ನಾನೇ ತೆಗ್ದೆ ಅಂತ ಏಳ್ಬುಟ್ಟಿವ್ನಿ, ಇನ್ನೇನ್ ಬುಟ್ಬುಡ್ತಾರೆ” ಎಂದೆ. ನಾನು ಫೋನಿನಲ್ಲೇ ಬೈದೆ. ಪಕ್ಕದಲ್ಲಿದ್ದ ಅತ್ತೆ ಮಾತ್ರ ತಲೆಯಾಡಿಸಿ “ಸರ್ಯಾಗ್ ಏಳವ್ನೆ” ಎಂದರು. ಮೇಷ್ಟ್ರಿಗೆ ತಿಳಿಯಲಿ ಎಂದು ಬರೆಯುತ್ತೇನೆ: ನಮ್ಮ ಪೋಡಿನಲ್ಲಿ ಹೆಜ್ಜೇನು ತೆಗೆದು ಬಂಡೆಯಿಂದ ಇಳಿದ ಮೇಲೆ, ಹತ್ತಿದವನು ಬಂಡೆಯ ಬುಡದ ಕಲ್ಲಿನ ಮುಂದೆ ನಿಂತು, ಯಾರೂ ಬಾಯಿ ತೆರೆಯುವ ಮೊದಲೇ “ನಾನೇ ತೆಗ್ದೆ, ಇವ್ರ್ ಯಾರ್ದೂ ತಪ್ಪಿಲ್ಲ” ಅನ್ನಬೇಕು. ಹಗ್ಗ ಹಿಡಿದವನು, ಹೊಗೆ ಹಾಕಿದವನು, ಡಬ್ಬ ಹೊತ್ತವನು ಎಲ್ಲರೂ ತಲೆ ತಗ್ಗಿಸಿ ಸುಮ್ಮನಿರಬೇಕು. ಆಮೇಲೆ ಜೇನಿನ ಮೊದಲ ಎರಿಯನ್ನು ಕಲ್ಲಿಗೆ ಇಟ್ಟರೆ ಅಲ್ಲಿಗೆ ಮುಗಿಯಿತು, ನಗುತ್ತಾ ಮನೆಗೆ ಬರುವುದು. ಹಾಗೆ ಎಷ್ಟು ಸಲ ಹೇಳಿಲ್ಲ ನೀನು! ಆ ದೇಶದ ಗಸ್ತಿನ ದೋಣಿ ನಿಮ್ಮ ಬೋಟಿಗೆ ಬಂದು ತಾಗಿ, ಸತ್ತ ಮೀನನ್ನು ತೋರಿಸಿ ಇದನ್ನು ಹಿಡಿದವರು ಯಾರು ಎಂದು ಕೇಳಿದಾಗ ನಿನ್ನ ನಾಲಿಗೆ ತಾನಾಗಿ ಹೊರಳಿರಬೇಕು. ಬೇರೆಯವರೆಲ್ಲ ತಲೆ ತಗ್ಗಿಸಿದ್ದು ನಿನಗೆ ಬಂಡೆಯ ಬುಡದ ಹಾಗೇ ಕಂಡಿರಬೇಕು. ಅವರು ನಿನ್ನ ಮಾತನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಕಲ್ಲು ಬರೆದುಕೊಳ್ಳುವುದಿಲ್ಲ, ಗಣೇಶ. ಇದನ್ನು ನಿನಗೆ ಮೊದಲೇ ಹೇಳಿ ಕಳಿಸಬೇಕಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಯಾರಿಗೆ ತಾನೇ ಹೊಳೆಯುತ್ತದೆ?

ನಿನ್ನೆ ಈ ಪದ್ಧತಿಯನ್ನು ಮಣಿಕಂಠನಿಗೆ ವಿವರಿಸಿದೆ. ಅವನು ಬಾಯಿತಪ್ಪಿ ಬಂದ ಮಾತು ಅದೆಂದು ತಿಳಿದುಕೊಳ್ಳಲಿ, ನಿನ್ನನ್ನು ಬಿಡಿಸಲು ಅದು ದಾರಿಯಾಗಲಿ ಎಂಬುದು ನನ್ನ ಲೆಕ್ಕ. ಅವನು ಚಪ್ಪಾಳೆ ಹೊಡೆಯುವುದೊಂದು ಬಾಕಿ. ನಿಮ್ಮ ಜನ ಎಷ್ಟು ನೇರ್ಮೆಯವರು, ಸುಳ್ಳೇ ಬಾರದವರು, ಹೀಗೆ ಹೇಳಿದರೆ ಯಾವ ಜಡ್ಜಿಯೂ ನಂಬುತ್ತಾನೆ ಎಂದ. ನನ್ನ ಬಾಯಿಂದಲೇ ಅವನಿಗೆ ಬೇಕಾದ ಹಗ್ಗ ಕೊಟ್ಟ ಹಾಗಾಯಿತು.

ಆ ಮೀನಿನ ವಿಷಯ ಸಗಾಯಮೇರಿ ಒಲೆಯ ಮುಂದೆ ಕೂತು ಬಹಳ ಹೇಳಿದಳು. ಅವಳು ಮದುವೆಗೆ ಮೊದಲು ಮೀನಿನ ಎಣ್ಣೆ ತೆಗೆಯುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳಂತೆ. ನೀನು ಆಷಾಢಕ್ಕೆ ಬಂದಿದ್ದಾಗ ಹೇಳಿದ್ದೆಯಲ್ಲ, ಬಣ್ಣಾರಿಯಿಂದ ದಿಂಬಂ ಎಷ್ಟು ಎತ್ತರವೋ ಸಮುದ್ರದಲ್ಲಿ ಅಷ್ಟು ಆಳಕ್ಕೆ ದಾರ ಬಿಡುತ್ತೇವೆ ಎಂದು. ನೀನು ಬುರುಡೆ ಬಿಡುತ್ತಿದ್ದೀಯ ಎಂದುಕೊಂಡಿದ್ದೆ. ನಿಜವಂತೆ. ಅದೂ ಸುರಾ ಮೀನೇ, ಅಂದರೆ ಶಾರ್ಕಿನ ಜಾತಿಯೇ, ಆದರೆ ಟಿವಿಯಲ್ಲಿ ತೋರಿಸುವ ಹಾಗೆ ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದಲ್ಲ. ಅಷ್ಟುದ್ದವೂ ಇಲ್ಲ, ನಮ್ಮ ಚಿಕ್ಕಬೊಮ್ಮನ ಎದೆಯ ಮಟ್ಟಕ್ಕೆ ಬಂದರೆ ಹೆಚ್ಚು. ಬೆನ್ನಿನ ರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಕಣ್ಣು ಮಾತ್ರ ಮುಖಕ್ಕೆ ದೊಡ್ಡದು, ಹಸಿರು ಹಸಿರಾಗಿ ಹೊಳೆಯುತ್ತದೆ, ಬೋಟಿನ ಮೇಲೆ ಎಳೆದು ಹಾಕಿದ ಮೇಲೂ ಸ್ವಲ್ಪ ಹೊತ್ತು ಹೊಳೆಯುತ್ತದಂತೆ. ಬೆಳಕೇ ಇಲ್ಲದ ಕಡೆ ಬದುಕುವುದಕ್ಕೆ ಅಷ್ಟು ಚಂದದ ಕಣ್ಣು ಯಾಕೆ ಕೊಟ್ಟನೋ ದೇವರು. ಹೊಟ್ಟೆ ತುಂಬ ಲಿವರು, ಲಿವರಿನ ತುಂಬ ಎಣ್ಣೆ, ಆ ಎಣ್ಣೆಗಾಗಿಯೇ ಅದರ ಜೀವಕ್ಕೆ ಕುತ್ತು. ಮುಖಕ್ಕೆ ಹಚ್ಚುವ ಕ್ರೀಮಿಗೂ ಹಾಕುತ್ತಾರಂತೆ. ಕಾಲೇಜಿನಲ್ಲಿ ಓದಿದವರು ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದರಂತೆ, ಅದು ಎಷ್ಟು ವರ್ಷ ಬದುಕುತ್ತದೆ ಎಂದು ಕೇಳಿದರೆ ಅವರೂ ಸರಿಯಾಗಿ ಗೊತ್ತಿಲ್ಲ ಅನ್ನುತ್ತಿದ್ದರಂತೆ.

“ಒರೇ ಒರು ಕುಟ್ಟಿ” ಎಂದು ಒಂದು ಬೆರಳು ತೋರಿಸಿದಳು ಸಗಾಯಮೇರಿ. ಸಾವಿರ ಮೊಟ್ಟೆ ಇಡುವ ಮೀನಲ್ಲ ಅದು. ಒಂದು ಸಲಕ್ಕೆ ಒಂದೇ ಮರಿ, ಅದನ್ನೂ ಹೆಚ್ಚುಕಡಿಮೆ ಎರಡು ವರ್ಷ ಹೊಟ್ಟೆಯಲ್ಲಿ ಹೊರುತ್ತದೆ. ಶೆಡ್ಡಿನಲ್ಲಿ ಹೊಟ್ಟೆ ಕೊಯ್ಯುವಾಗ ಆ ಮರಿ ಕಣ್ಣುಬಿಟ್ಟುಕೊಂಡು ಬರುತ್ತಿತ್ತು, ಆ ಕೆಲಸ ಬಿಟ್ಟಿದ್ದೇ ಅದಕ್ಕೆ ಎಂದಳು. ಅತ್ತೆ ಕೇಳುತ್ತಾ ಕೂತಿದ್ದವರು “ಎಲ್ಡ್ ವರ್ಸ ಬಸ್ರೀನಾ? ಆನೆನೂ ಅಂಗೇ ಕಣವ್ವ. ಅದ್ಕೇ ಅದು ಮರಿ ಬುಟ್ ಕದ್ಲಾಕಿಲ್ಲ” ಎಂದರು. ನೀನು ಫೋನಿನಲ್ಲಿ ಯಾಕೆ ಹಾಗೆ ಅಳುತ್ತಿದ್ದೆ ಎಂದು ನನಗೆ ಆಗ ಅರ್ಥವಾಯಿತು. ನೀನು ಎರಿಯಲ್ಲಿ ಹುಳ ಇರುವ ಭಾಗವನ್ನು ಮುಟ್ಟದೆ ಬಿಟ್ಟು ಬರುವವನು. ಅಷ್ಟು ಆಳದಿಂದ ಬಸುರಿಯನ್ನು ಎಳೆದು ತಂದದ್ದು ನಿನ್ನ ಕೈ. ಅದರ ಸಂಕಟ ನಿನಗಿದೆ. ಇರಬೇಕಾದದ್ದೇ.

ಮಣಿಕಂಠ ಮೂರನೇ ಸಲ ಗಡಿಯಾರ ನೋಡಿದ. ಅವನು ಹೇಳಿಕೊಟ್ಟದ್ದನ್ನು ಬರೆಯುತ್ತೇನೆ. ಕೋರ್ಟಿನಲ್ಲಿ ನಿನ್ನನ್ನು ಮತ್ತೆ ಕೇಳುತ್ತಾರೆ. ತಮಿಳು ಬಲ್ಲ ದುಭಾಷಿ ಇರುತ್ತಾನೆ. ನೀನು ಮೊದಲು ಹೇಳಿದ್ದನ್ನೇ ಹೇಳಬೇಕು: ದಾರ ಬಿಟ್ಟವನು ನಾನೇ, ಡ್ರೈವರ್ ಮಲಗಿದ್ದ, ಉಳಿದವರಿಗೆ ಗೊತ್ತಿರಲಿಲ್ಲ, ಆ ನೀರಿನಲ್ಲಿ ಆ ಮೀನನ್ನು ಹಿಡಿಯಬಾರದೆಂದು ನನಗೆ ತಿಳಿದಿರಲಿಲ್ಲ ಎಂದು. ಹಾಗೆ ಹೇಳಿದರೆ ಬೋಟನ್ನೂ ಉಳಿದವರನ್ನೂ ಬಿಟ್ಟುಬಿಡುತ್ತಾರೆ. ನಿನಗೆ ಸ್ವಲ್ಪ ದಿನ ಶಿಕ್ಷೆಯಾಗುತ್ತದೆ, ಆಮೇಲೆ ಮೊದಲಾಳಿ ತಾನೇ ನಿಂತು ನಿನ್ನನ್ನು ಕರೆತರುತ್ತಾನೆ. ಅಲ್ಲಿಯವರೆಗೆ ನಮ್ಮ ಮನೆಯ ಜವಾಬ್ದಾರಿ ಅವನದು. ಇದನ್ನು ನಿನ್ನ ಹೆಂಡತಿಯ ಕೈಬರಹದಲ್ಲಿ ಕಂಡರೆ ಮಾತ್ರ ನೀನು ಗಟ್ಟಿಯಾಗಿ ನಿಲ್ಲುತ್ತೀಯ ಎಂದು ಅವರು ಇಷ್ಟು ದೂರ ಬಂದಿದ್ದಾರೆ.

ಸಗಾಯಮೇರಿ ನನಗಿಂತ ಚಿಕ್ಕವಳು. ಕೂಸನ್ನು ತನ್ನ ಅಮ್ಮನ ಬಳಿ ಬಿಟ್ಟು ಬಂದಿದ್ದಾಳೆ, ಇನ್ನೂ ಹಾಲು ಬಿಡಿಸಿಲ್ಲ, ರವಿಕೆ ನೆನೆದದ್ದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಾಳೆ. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಅದು ಸುಲಭ. ನಿನ್ನೆ ಸಂಜೆ ನನ್ನ ಜೊತೆ ಕೂತು ಮುದ್ದೆ ನುಂಗಲು ಕಲಿತಳು, ಗಂಟಲಿಗೆ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂದು ಇಬ್ಬರೂ ನಕ್ಕೆವು. ಒಲೆಯ ಮುಂದೆ ಇನ್ನೂ ಏನೇನೋ ಹೇಳಿದಳು. ಅದೆಲ್ಲ ಹೆಂಗಸರ ಮಾತು, ಮೇಷ್ಟ್ರು ಓದಿ ಹೇಳುವಂಥದ್ದಲ್ಲ.

ಅತ್ತೆಯ ಮಾತು ಬೇರೆ. “ಕಲ್ ಮುಂದೆ ಆಡಿದ್ ಮಾತು ತಿರುಗಿಸ್ದೋನ್ ಕೈಗೆ ಜೇನು ಸಿಕ್ಕಾಕಿಲ್ಲ. ಏಳ್ದಂಗೇ ನಿಲ್ಲಲಿ ನನ್ ಮಗ” ಅನ್ನುತ್ತಾರೆ. ಹೇಳಿ ಗೋಡೆಗೆ ಮುಖ ಮಾಡಿ ಅಳುತ್ತಾರೆ. ಚಿಕ್ಕಬೊಮ್ಮ ಅಟ್ಟಣೆಯಿಂದ ಇಳಿದು ಬಂದು ಎಲ್ಲ ಕೇಳಿಸಿಕೊಂಡ. ಬಂಡೆಯಲ್ಲಿ ನಿನ್ನ ಹಗ್ಗ ಹಿಡಿಯುವವನು ಅವನೇ ಅಲ್ಲವಾ, ತಂಗಿಯ ತಾಳಿ ಕೈಯಲ್ಲಿದೆ ಎಂದು ಹೆದರಿ ಹೆದರಿ ಹಿಡಿಯುವವನು. “ನಾನಲ್ಲಿದ್ದಿದ್ರೆ ಅವ್ನ್ ಬಾಯಿ ಮುಚ್ತಿದ್ದೆ ಕಣ” ಎಂದು ಅಷ್ಟೇ ಹೇಳಿ ಆನೆಯ ಪಕ್ಕದಲ್ಲೇ ನಡೆದುಕೊಂಡು ಹೋಗಿಬಿಟ್ಟ. ಮಣಿಕಂಠ ಬಾಯಿ ತೆರೆದು ನೋಡುತ್ತಿದ್ದ. ಹೀಗೆ ಎಲ್ಲರೂ ಹೇಳುವುದನ್ನು ಹೇಳಿ ಅವರವರ ಜಾಗಕ್ಕೆ ಹೋದರು, ನಾನು ಒಬ್ಬಳೇ ಕಾಗದದ ಮುಂದೆ ಉಳಿದೆ. ಎದುರಿಗೆ ಆನೆ, ಪಕ್ಕದಲ್ಲಿ ಮಣಿಕಂಠ, ಹಿಂದೆ ಅತ್ತೆ. ನೀನು ಕಿಟಕಿಯಿಲ್ಲದ ಕಡೆ ಇದ್ದೀಯೋ ಇಲ್ಲವೋ ಗೊತ್ತಿಲ್ಲ, ನನಗೆ ಮಾತ್ರ ಬಾಗಿಲು ತೆರೆದಿದ್ದರೂ ಉಸಿರು ಕಟ್ಟುತ್ತಿದೆ.

ಅಗೋ, ಆನೆ ಮರಿಯನ್ನು ಮುಂದೆ ತಳ್ಳಿಕೊಂಡು ಹಳ್ಳದ ಕಡೆ ಇಳಿಯಿತು. ಮಣಿಕಂಠ ಬೇಲಿಯ ಕಡೆಗೆ ಓಡಿದ, ಜೀಪಿನ ಕಡೆಗಲ್ಲ. ನಾನು ಮುಗಿಸುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡ, ಊಟ ಬಿಡಬೇಡ, ಬೇರೆಯವರು ಬೀಡಿ ಕೊಟ್ಟರೆ ಮತ್ತೆ ಶುರು ಮಾಡಬೇಡ. ಬೆಳಿಗ್ಗೆ ಎದ್ದಾಗ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ನೋಡಿಕೊಂಡು ಒಂದು ಸಲ ಕೈಮುಗಿ, ನಾನೂ ಅದೇ ಹೊತ್ತಿಗೆ ಮುಗಿಯುತ್ತೇನೆ. ಅವ್ವನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಚಿಕ್ಕಬೊಮ್ಮ ಹೇಳದಿದ್ದರೂ ಅವನ ನೆನಪನ್ನು ನಾನೇ ಬರೆದಿದ್ದೇನೆ.

ನಿನ್ನ ದಾರಿ ನೋಡುತ್ತಿರುವ,
ಮಂಗಳ

ಇನ್ನೊಂದು ಮಾತು, ಹಾಳೆಯ ಹಿಂದುಗಡೆ, ಆತುರದಲ್ಲಿ: ಈಗ ತಾಳವಾಡಿಯಲ್ಲಿದ್ದೇನೆ. ಮೇಷ್ಟ್ರು ಬಿಡಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಓದಿ ಹೇಳಿದರು, ಮಣಿಕಂಠ ಒಪ್ಪಿ ಹಾಳೆಗಳ ಫೋಟೋ ತೆಗೆದುಕೊಂಡು ಮೊದಲಾಳಿಗೆ ಕಳಿಸಿದ. ಈಗ ರಸ್ತೆಯಲ್ಲಿ ನಿಂತು ಅವನ ಜೊತೆ ಫೋನಿನಲ್ಲಿದ್ದಾನೆ. ಲಕೋಟೆ ಅಂಟಿಸುವ ಮೊದಲು ಅತ್ತೆಯ ಕಡೆಯಿಂದ ಎರಡು ಸಾಲು ಸೇರಿಸುತ್ತೇನೆ ಎಂದೆ. ಮೇಷ್ಟ್ರು ನನ್ನ ಮುಖ ನೋಡಿ ಪೆನ್ನು ಕೊಟ್ಟು ಮಿಷಿನ್ನಿನ ಕಡೆ ತಿರುಗಿಕೊಂಡರು. ಗಣೇಶ, ಹಾಳೆಯ ಮುಂದುಗಡೆ ಬರೆದಿರುವಂತೆ ಹೇಳಬೇಡ. ‘ನಾನೇ’ ಎನ್ನಬೇಡ. ಸಗಾಯಮೇರಿ ಒಲೆಯ ಮುಂದೆ ಬಾಯಿತಪ್ಪಿ ಹೇಳಿದಳು, ಇದೇ ಮೊದಲಾಳಿಯ ಇನ್ನೊಂದು ಬೋಟಿನಲ್ಲಿ ಹಿಂದೆ ಹೀಗೇ ಒಬ್ಬ ಹೊರಗಿನ ಹುಡುಗ ‘ನಾನೇ’ ಎಂದನಂತೆ. ಬೋಟು ಬಂತು, ಎಲ್ಲರೂ ಬಂದರು, ಅವನು ಇನ್ನೂ ಅಲ್ಲೇ ಇದ್ದಾನೆ, ಈಗ ಅವನ ಹೆಸರು ಹೇಳುವವರೂ ಇಲ್ಲ. ವಕೀಲರು ಮೊದಲಾಳಿಯವರು, ಅವರಿಗೆ ಏನೂ ತೋರಿಸಿಕೊಳ್ಳಬೇಡ. ಜಡ್ಜಿ ಕೇಳಿದಾಗ ದುಭಾಷಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು: ಡ್ರೈವರ್ ಹೇಳಿದ, ಡ್ರೈವರನಿಗೆ ಮೊದಲಾಳಿ ಫೋನಿನಲ್ಲಿ ಹೇಳಿದ, ಎಲ್ಲರೂ ಸೇರಿ ಎಳೆದೆವು ಎಂದು. ಅದೂ ಅವಳ ಬಾಯಿಂದಲೇ ಬಂದದ್ದು. ಆ ಮರಿಯ ಪಾಪ ಬೇರೆ, ಅದನ್ನು ನೀನು ಬಂದ ಮೇಲೆ ಇಬ್ಬರೂ ಹೋಗಿ ಹೇಳಿಕೊಳ್ಳೋಣ. ಅವ್ವ ಮಾತು ಬಿಟ್ಟರೆ ನಾನು ನೋಡಿಕೊಳ್ಳುತ್ತೇನೆ. ಇದರಿಂದ ಡ್ರೈವರನಿಗೆ ಶಿಕ್ಷೆಯಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಸಗಾಯಮೇರಿ ಪಕ್ಕದಲ್ಲಿ ನಿಂತು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದಾಳೆ, ಅವಳಿಗೆ ಕನ್ನಡ ಬಾರದು. ಅವಳ ಗಂಡನಿಗೂ ಒಂದು ಮಾತು ಸೇರಿಸು ಅಕ್ಕಾ ಎಂದಳು. ಮಗಳು ನಡೆಯಲು ಕಲಿತಳಂತೆ, ಅವನಿಗೆ ಹೇಳು.